ಟಿವಿಯಲ್ಲೇ ನೋಡಬಹುದಲ್ವಾ, ಅಷ್ಟು ದೂರ ಯಾಕೆ ಹೋಗಬೇಕು?

ಫಿಗರ್ ಸ್ಕೇಟಿಂಗ್ (ಸಂಗೀತಕ್ಕೆ ತಕ್ಕಂತೆ ಐಸ್ ಮೇಲೆ ಜಾರುತ್ತಾ, ಹಾರುತ್ತಾ ಆಡುವ ಆಟ) ವಿಶ್ವ ಚಾಂಪಿಯನ್‌ಶಿಪ್ ನೋಡಲು ಹೋಗಿದ್ದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಟಿವಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಲ್ವಾ? ಹತ್ತಿರದಿಂದ ತೋರಿಸ್ತಾರೆ, ಸ್ಲೋ ಮೋಷನ್ ಇರುತ್ತೆ, ವಿವರಣೆ ಇರುತ್ತೆ. ಮತ್ಯಾಕೆ ಅಷ್ಟು ದೂರ?"

ಕೇಳುವುದರಲ್ಲಿ ತಪ್ಪೇನಿಲ್ಲ. ಮುಖ ನೋಡಬೇಕು ಅಂದರೆ ಟಿವಿಯೇ ವಾಸಿ. ಗಾಳಿಯಲ್ಲಿ ಸುತ್ತು ಪೂರ್ತಿ ಆಯಿತೋ ಇಲ್ಲವೋ ಅನ್ನುವುದು ಮೇಲಿನ ಸಾಲಿನಲ್ಲಿ ಕೂತವರ ಬರಿಗಣ್ಣಿಗೆ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಆದರೆ ಈ ಆಟದ ಜೀವ ಇರುವುದು ವೇಗದಲ್ಲಿ, ಅದು ಟಿವಿಯಲ್ಲಿ ಕಾಣುವುದೇ ಇಲ್ಲ.

ಕ್ಯಾಮೆರಾ ಸ್ಕೇಟರ್ ಜೊತೆಗೇ ತಿರುಗುತ್ತಾ ಹೋಗುತ್ತದೆ. ಹಾಗಾಗಿ ಅವರು ಪರದೆಯ ನಡುವೆ ಒಂದೇ ಕಡೆ ಇದ್ದಂತೆ ಕಾಣುತ್ತಾರೆ, ಹಿಂದಿನ ಜಾಹೀರಾತು ಫಲಕಗಳು ಓಡುತ್ತವೆ. ಅಲ್ಲೇ ಕೂತು ನೋಡಿದಾಗ ಸುಮಾರು 60 ಮೀಟರ್ ಉದ್ದದ ಐಸ್ ಪೂರ್ತಿ ಕಣ್ಣೆದುರಿಗೆ ಇರುತ್ತದೆ. ಒಬ್ಬರು ನಾಲ್ಕು ಸಲ ಕಾಲು ಒತ್ತಿದರೆ ಎಲ್ಲಿಂದ ಎಲ್ಲಿಗೆ ಹೋಗಿಬಿಟ್ಟರು ಅನ್ನುವುದು ಆಗ ಗೊತ್ತಾಗುತ್ತದೆ.

ನನಗೆ ಇದು ಗೊತ್ತಾಗಿದ್ದು 2024ರ ಮಾರ್ಚ್‌ನಲ್ಲಿ, ಕೆನಡಾದ ಮಾಂಟ್ರಿಯಲ್‌ನ ಬೆಲ್ ಸೆಂಟರ್ ಕ್ರೀಡಾಂಗಣದಲ್ಲಿ, ಜಪಾನಿನ ಕಾವೊರಿ ಸಕಾಮೊಟೊ ಅವರನ್ನು ನೋಡಿದಾಗ. ಶಾರ್ಟ್ ಪ್ರೋಗ್ರಾಂ, ಅಂದರೆ ಸ್ಪರ್ಧೆಯ ಚಿಕ್ಕದಾದ ಮೊದಲ ಭಾಗ, ಮುಗಿದಾಗ ಅವರು ನಾಲ್ಕನೆಯವರು. ಎರಡನೆಯ, ಕೊನೆಯ ಭಾಗವಾದ ಫ್ರೀ ಸ್ಕೇಟ್‌ಗೆ ಇಳಿದರು. ಡಬಲ್ ಆಕ್ಸೆಲ್ ಅನ್ನುವ ಎರಡೂವರೆ ಸುತ್ತಿನ ಜಂಪ್‌ಗೆ ಹೋಗುವಾಗ ಸಾಮಾನ್ಯವಾಗಿ ಸ್ಕೇಟರ್‌ಗಳು ಸ್ವಲ್ಪ ತಡೆದು, ಹದ ನೋಡಿಕೊಂಡು ಹಾರುತ್ತಾರೆ. ಇವರು ಬಂದ ವೇಗದಲ್ಲೇ ಹಾರಿದರು, ಇಳಿದ ಮೇಲೂ ಅದೇ ವೇಗದಲ್ಲಿ ಹಿಮ್ಮುಖವಾಗಿ ಜಾರುತ್ತಾ ಹೋದರು. ಪಕ್ಕದಲ್ಲಿ ಕೂತಿದ್ದವರು ಉಸಿರು ಎಳೆದುಕೊಂಡಿದ್ದು ನನಗೆ ಕೇಳಿಸಿತು. ಅವತ್ತು ಅವರು ಸತತ ಮೂರನೇ ಸಲ ವಿಶ್ವ ಚಾಂಪಿಯನ್ ಆದರು. ಮಹಿಳೆಯರಲ್ಲಿ ಹಾಗೆ ಸತತ ಮೂರು ಸಲ ಗೆದ್ದವರು ಅದಕ್ಕೂ ಮುಂಚೆ 1968ರಲ್ಲಿ ಅಮೆರಿಕದ ಪೆಗಿ ಫ್ಲೆಮಿಂಗ್. ಟಿವಿಯಲ್ಲಿ ಸಕಾಮೊಟೊ ಅವರನ್ನು ಎಷ್ಟೋ ಸಲ ನೋಡಿದ್ದೆ, ಚೆನ್ನಾಗಿ ಆಡುತ್ತಾರೆ ಅಂದುಕೊಂಡಿದ್ದೆ ಅಷ್ಟೇ.

ಇನ್ನೊಂದು ಸದ್ದು. ಟೋ ಪಿಕ್, ಅಂದರೆ ಬ್ಲೇಡಿನ ಮುಂತುದಿಯ ಹಲ್ಲು, ಐಸ್‌ಗೆ ಚುಚ್ಚಿದಾಗ ಟಕ್ ಅನ್ನುತ್ತದೆ. ಒಳ್ಳೆಯ ಲ್ಯಾಂಡಿಂಗ್ ಆದರೆ ಅದರ ಹಿಂದೆಯೇ ಉದ್ದಕ್ಕೆ ಸರ್‍ರ್ ಅಂತ ಒಂದು ಗೀರು. ಐಸ್ ಡಾನ್ಸ್‌ನಲ್ಲಿ ಒಳ್ಳೆಯ ಜೋಡಿ ಇದ್ದರೆ ನಾಲ್ಕು ಬ್ಲೇಡ್ ಸೇರಿ ಒಂದೇ ಸದ್ದು ಬರುತ್ತದೆ, ಸ್ವಲ್ಪ ಹೊಂದಾಣಿಕೆ ತಪ್ಪಿದರೂ ಸದ್ದು ಒಡೆಯುತ್ತದೆ. ಇದು ಸರಿಯಾಗಿ ಕೇಳಬೇಕು ಅಂದರೆ ಪ್ರಾಕ್ಟೀಸ್‌ಗೆ ಹೋಗಬೇಕು, ಸ್ಪರ್ಧೆಯ ಹೊತ್ತಿಗೆ ಸಂಗೀತ, ಚಪ್ಪಾಳೆಗಳಲ್ಲಿ ಎಷ್ಟೋ ಮುಳುಗಿಹೋಗುತ್ತದೆ.

ಪ್ರಾಕ್ಟೀಸ್ ಬಗ್ಗೆ ನಾನು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಅದನ್ನೇ ಬಿಟ್ಟುಬಿಡುತ್ತಾರೆ. ಐದಾರು ಜನ ಒಟ್ಟಿಗೆ ಐಸ್ ಮೇಲೆ ಇರುತ್ತಾರೆ. ಒಬ್ಬೊಬ್ಬರ ಸಂಗೀತ ಸರದಿ ಪ್ರಕಾರ ಹಾಕುತ್ತಾರೆ, ಯಾರ ಸಂಗೀತ ಬರುತ್ತಿದೆಯೋ ಅವರಿಗೆ ಉಳಿದವರು ದಾರಿ ಬಿಡಬೇಕು. ಒಬ್ಬ ಹುಡುಗಿ ಒಂದೇ ಲುಟ್ಸ್ ಜಂಪ್ ಮಾಡಲು ಹೋಗಿ ಮೂರು ಸಲ ಬಿದ್ದಳು. ಪ್ರತಿ ಸಲವೂ ಎದ್ದು, ತೊಡೆಗೆ ಅಂಟಿದ ಐಸ್ ಪುಡಿ ಒರೆಸಿಕೊಂಡು, ಅಂಚಿನಲ್ಲಿ ನಿಂತ ಕೋಚ್ ಹತ್ತಿರ ಹೋಗುತ್ತಿದ್ದಳು. ಅವರು ಬರೀ ಭುಜ ತೋರಿಸಿ ಏನೋ ಹೇಳುತ್ತಿದ್ದರು. ನಾಲ್ಕನೇ ಸಲ ನಿಂತಳು. ಅಲ್ಲಿದ್ದ ಕೆಲವೇ ಜನ ಚಪ್ಪಾಳೆ ತಟ್ಟಿದೆವು, ಅವಳು ತಲೆ ಎತ್ತಿ ನೋಡಿದಳು ಕೂಡ. ಇದನ್ನೆಲ್ಲ ಟಿವಿಯಲ್ಲಿ ಯಾರು ತೋರಿಸುತ್ತಾರೆ?

ಪುರುಷರ ಫ್ರೀ ಸ್ಕೇಟ್ ಬಗ್ಗೆ ಹೇಳಲೇಬೇಕು. ಜಂಪ್‌ಗಳಲ್ಲಿ ಆಕ್ಸೆಲ್ ಒಂದೇ ಮುಂದಕ್ಕೆ ಮುಖ ಮಾಡಿ ಹಾರುವಂಥದ್ದು, ಉಳಿದ ಐದೂ ಹಿಮ್ಮುಖವಾಗಿ. ಅದಕ್ಕೇ ಆಕ್ಸೆಲ್‌ಗೆ ಅರ್ಧ ಸುತ್ತು ಹೆಚ್ಚು, ಕ್ವಾಡ್ ಆಕ್ಸೆಲ್ ಅಂದರೆ ನಾಲ್ಕೂವರೆ ಸುತ್ತು. 2022ರ ಸೆಪ್ಟೆಂಬರ್‌ಗೆ ಮುಂಚೆ ಸ್ಪರ್ಧೆಯಲ್ಲಿ ಯಾರೂ ಅದನ್ನು ಸರಿಯಾಗಿ ಮಾಡಿರಲಿಲ್ಲ, ಮೊದಲು ಮಾಡಿದವನು ಅಮೆರಿಕದ ಇಲಿಯಾ ಮಲಿನಿನ್. ಮಾಂಟ್ರಿಯಲ್‌ನಲ್ಲಿ ಅವನಿಗೆ 19 ವರ್ಷ. ಅವನು ಮುಂದಕ್ಕೆ ತಿರುಗಿದ ಕ್ಷಣಕ್ಕೇ ಎಲ್ಲರಿಗೂ ಗೊತ್ತಾಯಿತು, ಇದು ಅದೇ ಅಂತ. ಅಷ್ಟು ದೊಡ್ಡ ಸಭಾಂಗಣ ಒಂದೇ ಸಲ ಸುಮ್ಮನಾಯಿತು. ಇಳಿದ ಮೇಲೆ ಎದ್ದ ಗದ್ದಲ ಹೇಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ಅದೂ ಸೇರಿ ಆರು ಕ್ವಾಡ್, ಅಂದರೆ ನಾಲ್ಕು ಸುತ್ತಿನ ಜಂಪ್‌ಗಳನ್ನು ಮಾಡಿದ ಅವನಿಗೆ 227.79 ಅಂಕ ಬಂತು, ಫ್ರೀ ಸ್ಕೇಟ್‌ನಲ್ಲಿ ಆಗಿನ ವಿಶ್ವ ದಾಖಲೆ. ಅಂಕ ಕಂಡಾಗ ಅವನು ತಲೆ ಮೇಲೆ ಕೈ ಇಟ್ಟುಕೊಂಡನೋ ಏನೋ, ನಾನು ನೋಡಲೇ ಇಲ್ಲ, ಗುರುತು ಪರಿಚಯ ಇಲ್ಲದ ಯಾರನ್ನೋ ತಬ್ಬಿಕೊಂಡು ಕೂಗುತ್ತಿದ್ದೆ.

ಅದೇ ವಾರ ಜೋಡಿ ವಿಭಾಗದಲ್ಲಿ ಗೆದ್ದ ಕೆನಡಾದ ಡಿಯಾನಾ ಸ್ಟೆಲಾಟೊ-ಡುಡೆಕ್ ಅವರಿಗೆ 40 ವರ್ಷ. ಹದಿಹರೆಯದಲ್ಲೇ ಸ್ಕೇಟಿಂಗ್ ಬಿಟ್ಟು, ಸುಮಾರು 16 ವರ್ಷ ಆದ ಮೇಲೆ ವಾಪಸ್ ಬಂದವರು.

ಟಿಕೆಟ್ ತೆಗೆದುಕೊಳ್ಳುವವರಿಗೆ ಒಂದು ಮಾತು. ತೀರಾ ಮುಂದಿನ ಸಾಲು ಬೇಡ, ಅಲ್ಲಿ ಮುಖ ಕಾಣುತ್ತದೆ, ಆದರೆ ಐಸ್ ಮೇಲೆ ಅವರು ಬಿಡಿಸುವ ದಾರಿ ಕಾಣುವುದಿಲ್ಲ. ಉದ್ದ ಬದಿಯಲ್ಲಿ, ಸ್ವಲ್ಪ ಮೇಲೆ ಕೂತುಕೊಳ್ಳಿ. ದಪ್ಪ ಜಾಕೆಟ್ ಇರಲಿ, ಗಂಟೆಗಟ್ಟಲೆ ಕೂತರೆ ಕಾಲು ಮರಗಟ್ಟುತ್ತದೆ. ಶಾರ್ಟ್ ಪ್ರೋಗ್ರಾಂ ದಿನ ಶುರುವಿನಲ್ಲೇ ಹೋಗಿ, ಅರ್ಧ ಸೀಟು ಖಾಲಿ ಇದ್ದರೂ. ಸಿಂಗಲ್ಸ್‌ನಲ್ಲಿ ಮೊದಲ 24 ಮಂದಿ ಮಾತ್ರ ಫ್ರೀ ಸ್ಕೇಟ್‌ಗೆ ಹೋಗುತ್ತಾರೆ. ಆಚೆ ಉಳಿಯುವವರಿಗೆ ವರ್ಷಗಳ ಪ್ರಾಕ್ಟೀಸ್‌ಗೆ ಸಿಗುವುದು 2 ನಿಮಿಷ 40 ಸೆಕೆಂಡ್ ಅಷ್ಟೇ. ಹಾಗೆ ಬಂದ ಒಬ್ಬ ಹುಡುಗ ಕೊನೆಗೆ ನಮಸ್ಕರಿಸಿ, ಬಗ್ಗಿ, ಅಂಗೈಯಿಂದ ಐಸ್ ಮುಟ್ಟಿ ಹೊರಗೆ ಹೋದ. ನಾವು ಇದ್ದಷ್ಟು ಜನ ಎದ್ದು ನಿಂತಿದ್ದೆವು.