ಮೇಡಂ, ಇದಕ್ಕೆ ಮಾರ್ಕ್ಸ್ ಐತಾ?

ಜೂನ್ ಬಂತೆಂದರೆ ಈ ಪ್ರಶ್ನೆ ಶುರು. ಶಾಲೆಯ ಗೇಟಿನಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ. ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗಲೂ ಪೋಷಕರೊಬ್ಬರು ಕೇಳಿದ್ದರು. "ಶನಿವಾರ ಮಧ್ಯಾಹ್ನ ಹುಡುಗಿ ಲೇಟಾಗಿ ಬರ್ತಾಳೆ ಮೇಡಂ. ನೀರು ಟೆಸ್ಟ್ ಅಂತಾಳೆ, ಗಿಡ ಅಂತಾಳೆ. ಇದಕ್ಕೆ ಮಾರ್ಕ್ಸ್ ಐತಾ?"

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ಪರಿಸರ ಸಂಘ, ಅಂದರೆ ಇಕೋ ಕ್ಲಬ್ ಕೂಡ ನನ್ನ ತಲೆಗೇ ಬಂದಿದೆ. ಹೊಸದಾಗಿ ಸೇರಿದ ಟೀಚರ್‌ಗಳು ಇದೇ ಪ್ರಶ್ನೆಯನ್ನು ಇನ್ನೊಂದು ಥರ ಕೇಳುತ್ತಾರೆ: "ಮೇಡಂ, ಪಾಠವಾದರೆ ಟೆಸ್ಟ್ ಕೊಡಬಹುದು. ಸೇವೆಗೆ ಏನು ಟೆಸ್ಟ್?" ಇಬ್ಬರಿಗೂ ನಿಂತ ಕಾಲಲ್ಲಿ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಮಾರ್ಕ್ಸಿನ ಮಾತು ಮುಗಿಸಿಬಿಡೋಣ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 500 ಪರೀಕ್ಷೆ ಬರೆದು ತೆಗೆಯುವುದು, 125 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಈ ಆಂತರಿಕ ಅಂಕಕ್ಕೆ ಚಟುವಟಿಕೆಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ನೀರು ಪರೀಕ್ಷೆಯನ್ನು ವಿಜ್ಞಾನದ ಚಟುವಟಿಕೆ ಅಂತ ಬರೆದುಕೊಳ್ಳಲು ಅಡ್ಡಿಯಿಲ್ಲ. ನಾನು ಬರೆದುಕೊಳ್ಳುತ್ತೇನೆ. ಆದರೆ ಒಳಗಿನ ಮಾತು ಹೇಳಬೇಕೆಂದರೆ, ಆ 20ರಲ್ಲಿ 18, 19 ಹೆಚ್ಚು ಕಡಿಮೆ ಎಲ್ಲರಿಗೂ ಸಿಗುತ್ತದೆ. ಬಿಸಿಲಲ್ಲಿ ಬೀದಿ ಬೀದಿ ಸುತ್ತಿದವಳಿಗೂ ಅಷ್ಟೇ, ಅಂಗಡಿಯಿಂದ ರೆಡಿ ಚಾರ್ಟ್ ತಂದು ಅಂಟಿಸಿದವನಿಗೂ ಅಷ್ಟೇ. ಇನ್ನು ಸಿಇಟಿಯಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗೆ ವಿಶೇಷ ವರ್ಗದ ಸೀಟುಗಳಿವೆ, ನಿಜ. ಅವು ಬೆರಳೆಣಿಕೆಯಷ್ಟು. ಅದನ್ನೇ ನಂಬಿಕೊಂಡು ಮಗುವನ್ನು ಸ್ಕೌಟ್ಸ್‌ಗೆ ಸೇರಿಸಬೇಡಿ.

ಮಾರ್ಕ್ಸ್ ಬಿಟ್ಟರೆ ಇನ್ನೊಂದು ಅಳತೆ ಗಂಟೆ. ಪಿಯು, ಡಿಗ್ರಿ ಮಕ್ಕಳ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್‌ಎಸ್‌ಎಸ್) ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ. 1969ರಲ್ಲಿ, ಗಾಂಧೀಜಿಯ ನೂರನೇ ವರ್ಷದಲ್ಲಿ ಶುರುವಾದದ್ದು ಅದು. ಅಮೆರಿಕದ ಮೇರಿಲ್ಯಾಂಡ್‌ನಲ್ಲೂ ಇಂಥದೇ ಲೆಕ್ಕ ಇದೆ. ಅಲ್ಲಿ 75 ಗಂಟೆ ಸೇವೆ ತೋರಿಸಬೇಕು, ಇಲ್ಲವೇ ಜಿಲ್ಲೆಯವರೇ ರೂಪಿಸಿದ ಸೇವಾ ಕಾರ್ಯಕ್ರಮ ಮುಗಿಸಬೇಕು. ಆಗಲೇ ಹೈಸ್ಕೂಲ್ ಡಿಪ್ಲೊಮಾ. ಗಂಟೆ ಲೆಕ್ಕ ಬೇಡ ಅನ್ನುವುದಿಲ್ಲ, ಅದಿಲ್ಲದಿದ್ದರೆ ಯಾರೂ ಬರುವುದೇ ಇಲ್ಲವೇನೋ. ಆದರೆ ಮರದ ಕೆಳಗೆ ಪೊರಕೆ ಹಿಡಿದು ನಿಂತರೂ ಒಂದು ಗಂಟೆ ಒಂದು ಗಂಟೆಯೇ ಅಲ್ವಾ?

ನನಗೆ ಇದು ಗೊತ್ತಾದದ್ದು ಗಿಡದಿಂದ.

ಇಕೋ ಕ್ಲಬ್ ನನಗೆ ವಹಿಸಿದ ಮೊದಲ ವರ್ಷ, ಜೂನ್ 5ರ ಪರಿಸರ ದಿನದಂದು 60 ಗಿಡ ನೆಟ್ಟೆವು. ಬ್ಯಾನರ್ ಇತ್ತು, ಊರಿನ ಹಿರಿಯರಿದ್ದರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಬಾಳೆಹಣ್ಣು ಹಂಚಿದರು. ಫೋಟೋ ಅಂತೂ ಚೆನ್ನಾಗಿ ಬಂದಿತ್ತು. ವರದಿ ಬರೆದು ಕಳಿಸಿದೆ. "60 ಸಸಿಗಳನ್ನು ನೆಡಲಾಯಿತು." ಸುಳ್ಳೇನಲ್ಲ.

ಮುಂದಿನ ಮಾರ್ಚ್‌ನಲ್ಲಿ ಎಣಿಸಿದರೆ ನಾಲ್ಕು ಉಳಿದಿದ್ದವು. ಅದೂ ಎಣಿಸಿದವಳು ನಾನಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗ, ಕ್ಲಾಸಿನಿಂದ ಆಚೆ ನಿಲ್ಲಿಸಿದ್ದೆ, ಸುಮ್ನೆ ಬೇಜಾರಿಗೆ ಎಣಿಸಿದ್ದ. ಬಂದು ಹೇಳಿದ: "ಮಿಸ್, ನಾಲ್ಕೂ ಕೈ ತೊಳೆಯೋ ನಲ್ಲಿ ಹತ್ರಾನೇ ಅವೆ."

ಹೋಗಿ ನೋಡಿದೆ. ಹೌದು. ಬಿಸಿಯೂಟ ಆದ ಮೇಲೆ ಮಕ್ಕಳು ತಟ್ಟೆ ತೊಳೆಯುತ್ತಾರಲ್ಲ, ಆ ನೀರು ಹರಿಯುವ ಕಡೆ ಇದ್ದ ನಾಲ್ಕು ಬದುಕಿದ್ದವು. ಬಾಕಿ 56 ಗುಂಡಿಗಳಲ್ಲಿ ಒಣಕಡ್ಡಿ. ನಮ್ಮ ಕಡೆ ಜೂನ್ ಮೊದಲ ವಾರ ಅಂದರೆ ರೋಹಿಣಿ ಮಳೆ. ಎರಡು ಹನಿ ಉದುರಿಸಿ ಹೋದರೆ ಆಮೇಲೆ ಜುಲೈ ಪೂರ್ತಿ ಬರೀ ಗಾಳಿ. ನಮಗೆ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಇದು ಊರಿನ ಪ್ರತಿ ರೈತನಿಗೂ ಗೊತ್ತು. ವಿಜ್ಞಾನ ಟೀಚರ್‌ಗೆ ಗೊತ್ತಿರಲಿಲ್ಲ.

ಮರುವರ್ಷ ಬರೀ 12 ಗಿಡ. ಜೂನ್ 5ಕ್ಕೆ ಗುಂಡಿ ಮಾತ್ರ ತೋಡಿದೆವು, ಗೊಬ್ಬರ ಹಾಕಿ ಬಿಟ್ಟೆವು. ನೆಟ್ಟಿದ್ದು ಹುಬ್ಬೆ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್ ಶುರುವಿನಲ್ಲಿ. ತಟ್ಟೆ ತೊಳೆಯುವ ನೀರು ಹೋಗುವ ಕಡೆಗೇ ಒಂದು ಕಾಲುವೆ ಎಳೆದು, ಅದರ ಎರಡೂ ಬದಿ ನುಗ್ಗೆ, ಹೊಂಗೆ, ಬೇವು. ಒಂದೊಂದಕ್ಕೆ ಇಬ್ಬಿಬ್ಬರು, ಎಲ್ಲರೂ ಎಂಟನೇ ಕ್ಲಾಸಿನವರು. ಹತ್ತನೆಯವರನ್ನು ಬೇಕೆಂದೇ ಬಿಟ್ಟೆ. ಅವರಿಗೆ ಡಿಸೆಂಬರ್‌ನಿಂದ ಸ್ಪೆಷಲ್ ಕ್ಲಾಸ್, ಮಾರ್ಚ್ ಆದರೆ ಊರೇ ಬಿಡುತ್ತಾರೆ. ಎಂಟನೆಯವರಾದರೆ ಮೂರು ವರ್ಷ ನೆಟ್ಟದ್ದರ ಮುಖ ನೋಡಲೇಬೇಕು.

ಹನ್ನೆರಡರಲ್ಲಿ ಒಂಬತ್ತು ಉಳಿದವು. ಆ ವರ್ಷದ ವರದಿಯಲ್ಲಿ 12 ಅಂತ ಬರೆದೆ. 60ರ ಪಕ್ಕದಲ್ಲಿ ಅದು ಬಡವಾಗಿ ಕಂಡಿತು. "ಯಾಕೆ ಮೇಡಂ ಇಷ್ಟು ಕಡಿಮೆ?" ಅಂತ ಕೇಳಿದ್ದೂ ಆಯಿತು. ಈಗ ಆ ನುಗ್ಗೆ ಅಡುಗೆ ಅಕ್ಕಂದಿರ ಸಾರಿಗೆ ಹೋಗುತ್ತದೆ. ಒಬ್ಬರು ಅಕ್ಕ ಕಾಯಿ ಕಿತ್ತ ದಿನ ಆ ಗಿಡದ ಜೋಡಿಯನ್ನು ಕರೆದು ತೋರಿಸಿ ಕೀಳುತ್ತಾರೆ. ಇದು ನಾನು ಹೇಳಿಕೊಟ್ಟದ್ದಲ್ಲ.

ಅಲ್ಲಿಂದ ನನ್ನ ಯೋಜನೆ ಮಾಡುವ ಕ್ರಮ ಬದಲಾಯಿತು. ಯಾವ ಚಟುವಟಿಕೆ ಶುರು ಮಾಡುವ ಮೊದಲೂ ಒಂದು ದಿನಾಂಕ, ಒಂದು ಪ್ರಶ್ನೆ ಬರೆದಿಡುತ್ತೇವೆ. "ಮಾರ್ಚ್ 1ಕ್ಕೆ ಎಷ್ಟು ಗಿಡ ಹಸಿರಾಗಿವೆ?" ಅಷ್ಟೇ. ಮೌಲ್ಯಮಾಪನ ಅಂದರೆ ಆ ದಿನ ಹೋಗಿ ನೋಡುವುದು. ಕೆಲಸ ಮುಗಿದ ಮೇಲೆ ಪ್ರಶ್ನೆ ಹುಡುಕಲು ಹೊರಟರೆ, ನಮಗೆ ಚೆನ್ನಾಗಿ ಕಾಣುವ ಪ್ರಶ್ನೆಯನ್ನೇ ಹುಡುಕುತ್ತೇವೆ. ನಾನು ಹಾಗೆ ಮಾಡಿದ್ದೇನೆ, ಅದಕ್ಕೇ ಗೊತ್ತು.

ನೀರಿನ ಕೆಲಸ ಇದಕ್ಕಿಂತ ಕಷ್ಟದ್ದು. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುತ್ತದೆ. ಹಲ್ಲು ಒಸಡಿನೊಳಗೆ ರೂಪವಾಗುವಾಗಲೇ ಬಂದ ಕಲೆ ಅದು. ಉಜ್ಜಿದರೆ ಹೋಗುವುದಿಲ್ಲ.

ನನ್ನ ಮೊದಲ ಐಡಿಯಾ ಏನಿತ್ತು ಗೊತ್ತಾ? ಮಕ್ಕಳ ಹಲ್ಲಿನ ಸರ್ವೆ. ಎಷ್ಟು ಮಂದಿಗೆ ಕಲೆ ಇದೆ, ಯಾವ ಬೀದಿಯವರು, ಒಂದು ನಕ್ಷೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಹಿಂದಿನ ದಿನ ಕ್ಲಾಸಿನಲ್ಲಿ ವಿಷಯ ಎತ್ತಿದೆ. ಎರಡನೇ ಬೆಂಚಿನ ಹುಡುಗಿ ಒಬ್ಬಳು ದುಪಟ್ಟಾ ತೆಗೆದು ಬಾಯಿಗೆ ಹಿಡಿದಳು. ಅವಳು ಯಾವಾಗ ನಕ್ಕರೂ ಹಾಗೇ ಹಿಡಿಯುತ್ತಿದ್ದಳು, ನಾನು ನಾಚಿಕೆ ಅಂದುಕೊಂಡಿದ್ದೆ. ಸರ್ವೆ ಅಲ್ಲೇ ಬಿಟ್ಟೆ. ಅಳೆಯಬೇಕಾದದ್ದು ನೀರನ್ನು, ಮಕ್ಕಳ ಬಾಯನ್ನಲ್ಲ.

ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ. ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಂಗಸರಿಗೆ ಅದರ ತರಬೇತಿ ಕೊಡಬೇಕೆಂಬ ನಿಯಮವೂ ಇದೆ. ನಮ್ಮೂರಿನಲ್ಲಿ ತರಬೇತಿ ಆದ ಒಬ್ಬರು ನಮ್ಮ ವಿದ್ಯಾರ್ಥಿಯ ಚಿಕ್ಕಮ್ಮನೇ. ಅವರೇ ಬಂದು ತೋರಿಸಿದರು. ನೀರಿಗೆ ಕೆಂಪು ದ್ರಾವಣ ಹಾಕಬೇಕು. ಫ್ಲೋರೈಡ್ ಇಲ್ಲದಿದ್ದರೆ ಬಣ್ಣ ಗುಲಾಬಿ ಕೆಂಪಾಗಿಯೇ ನಿಲ್ಲುತ್ತದೆ. ಇದ್ದಷ್ಟೂ ಹಳದಿಗೆ ತಿರುಗುತ್ತದೆ. ಪಕ್ಕದಲ್ಲಿ ಬಣ್ಣದ ಪಟ್ಟಿ ಹಿಡಿದು ಹೋಲಿಸಿ ನೋಡುವುದು. ದ್ರಾವಣದಲ್ಲಿ ಆಮ್ಲ ಇರುವುದರಿಂದ ಅದನ್ನು ಹಾಕುವ ಕೆಲಸ ನನ್ನದು ಮತ್ತು ಚಿಕ್ಕಮ್ಮನದು ಮಾತ್ರ. ಮಕ್ಕಳದು ನೀರು ತರುವುದು, ಬಾಟಲಿಗೆ ಚೀಟಿ ಅಂಟಿಸುವುದು, ಬಣ್ಣ ಓದುವುದು, ಬರೆಯುವುದು. ಒಂದೇ ಬಾಟಲಿಯನ್ನು ಮೂವರು ಬೇರೆ ಬೇರೆ ಓದಬೇಕು, ಒಬ್ಬರದು ಇನ್ನೊಬ್ಬರು ನೋಡುವ ಹಾಗಿಲ್ಲ. ಮೊದಲ ವಾರ ಮೂವರದೂ ಮೂರು ಥರ ಬಂತು. ಜಗಳವೂ ಆಯಿತು. ವಿಜ್ಞಾನ ಪಾಠ ಅಲ್ಲಿ ಆಯಿತು ನೋಡಿ.

ಒಬ್ಬ ಹುಡುಗ ಅವರ ಮಾವನ ಟಿಡಿಎಸ್ ಮೀಟರ್ ತಂದು "ಇದರಲ್ಲಿ ಬೇಗ ಆಗುತ್ತೆ ಮಿಸ್" ಅಂದ. ಆ ಮೀಟರ್ ನೀರಿನಲ್ಲಿ ಕರಗಿರುವ ಲವಣಗಳನ್ನೆಲ್ಲ ಒಟ್ಟಾಗಿ ತೋರಿಸುತ್ತದೆಯೇ ಹೊರತು, ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಈ ಎರಡು ವಿಷಯ ದೊಡ್ಡವರಿಗೂ ಗೊತ್ತಿಲ್ಲ, ಅದಕ್ಕೇ ಇಲ್ಲಿ ಹೇಳಿದೆ.

ಇನ್ನೊಂದು ಕಟ್ಟುನಿಟ್ಟು: ಕಿಟ್ಟಿನ ಬಣ್ಣ ನೋಡಿ ಯಾರೂ "ನಿಮ್ಮ ನೀರು ವಿಷ" ಅಂತ ಹೇಳುವ ಹಾಗಿಲ್ಲ. ಹಳದಿ ಬಂದ ಕಡೆಯದು ಲ್ಯಾಬಿಗೆ ಹೋಗಬೇಕು. ಅಲ್ಲಿಂದ ಕಾಗದ ಬಂದ ಮೇಲೆ ಮಾತು.

ನಾವು ಮೊದಲೇ ಬರೆದಿಟ್ಟಿದ್ದ ಪ್ರಶ್ನೆ: "ಡಿಸೆಂಬರ್ 15ಕ್ಕೆ, ಹಳದಿ ಬಂದ ಬೀದಿಯವರು ಯಾವ ನೀರು ಕುಡಿಯುತ್ತಿದ್ದಾರೆ?" ಮಕ್ಕಳು ಹೋಗಿ ಕೇಳಿದರು. ಎಲ್ಲರೂ ಫಿಲ್ಟರ್ ನೀರು ಅಂದರು. ಊರಿನ ಶುದ್ಧ ನೀರಿನ ಘಟಕಕ್ಕೆ 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಸರಿ, ಗೆದ್ದೆವು ಅಂದುಕೊಂಡೆ. ಆಮೇಲೆ ಆ ದುಪಟ್ಟಾ ಹುಡುಗಿಯ ಪುಸ್ತಕ ಓದಿದೆ. ಅವಳು ಅಂಗಳದಲ್ಲಿ ನಿಂತು ಕೇಳಿ ಬಂದಿರಲಿಲ್ಲ, ಅಜ್ಜಿಯೊಬ್ಬರ ಅಡುಗೆಮನೆಯಲ್ಲಿ ಕೂತಿದ್ದಳು. ಬರೆದಿದ್ದಳು:

"ಅಜ್ಜಿ ಕುಡಿಯೋದು ಫಿಲ್ಟರ್ ನೀರು. ಮುದ್ದೆಗೆ, ಸಾರಿಗೆ ಬೋರ್ ನೀರು. ಯಾಕೆ ಅಂತ ಕೇಳಿದೆ. ಕ್ಯಾನ್ ಎತ್ತಕ್ಕಾಗಲ್ಲ, ಕುಡಿಯೋಕೆ ಮಾತ್ರ ಸಾಕಾಗ್ತದೆ ಅಂತು. ನಾವು ಪ್ರಶ್ನೆ ತಪ್ಪು ಕೇಳಿದ್ದೀವಿ."

ಅಡುಗೆಗೆ ಹಾಕಿದ ನೀರೂ ಹೊಟ್ಟೆಗೇ ಹೋಗುವುದಲ್ವಾ? ಇಡೀ ವರ್ಷದ ಕೆಲಸದಲ್ಲಿ ಬೆಲೆಯುಳ್ಳದ್ದು ಆ ನಾಲ್ಕು ಸಾಲು. ಅದಕ್ಕೆ 20ಕ್ಕೆ ಎಷ್ಟು ಕೊಡಲಿ ಹೇಳಿ.

ಈ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ದೊಡ್ಡದೇನಲ್ಲ, ನೂರು ಪುಟದ ನೋಟ್ ಬುಕ್. ಕೆಲಸಕ್ಕೆ ಹೋದ ದಿನ ಮೂರು ವಿಷಯ ಬರೆಯಬೇಕು: ಏನು ಮಾಡಲು ಹೋದೆ, ಏನಾಯಿತು, ನಾಳೆ ಏನು. ಮೊದಲ ತಿಂಗಳು ಎಲ್ಲರೂ "ಸಮಾಜ ಸೇವೆ ಮಾಡಿ ನನಗೆ ತುಂಬಾ ಸಂತೋಷವಾಯಿತು" ಅಂತ ಬರೆಯುತ್ತಾರೆ. ಪ್ರಬಂಧ ಬರೆದು ಬರೆದು ಬಂದ ಅಭ್ಯಾಸ. ನಾನು ಅದರ ಕೆಳಗೆ ಕೆಂಪು ಪೆನ್ನಿನಲ್ಲಿ "ಯಾರ ಮನೆ? ಎಷ್ಟು ಹೊತ್ತು? ಏನಂದರು?" ಅಂತ ಬರೆಯುತ್ತೇನೆ. ಎರಡು ತಿಂಗಳಲ್ಲಿ ಸಂತೋಷ ಕಮ್ಮಿಯಾಗಿ ವಿಷಯ ಜಾಸ್ತಿಯಾಗುತ್ತದೆ. ಈ ಪುಸ್ತಕಕ್ಕೆ ಅಂಕ ಇಲ್ಲ. ಕೊಟ್ಟ ದಿನವೇ ಸಂತೋಷ ವಾಪಸ್ ಬರುತ್ತದೆ.

ಪ್ರತಿಭಾ ಕಾರಂಜಿ ಬಗ್ಗೆಯೂ ಕೇಳುತ್ತಾರೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೇಲೆ ಹೋಗುವ ಸ್ಪರ್ಧೆ ಅದು, ಮಕ್ಕಳಿಗೆ ಹಬ್ಬವೇ. ನನ್ನ ತಕರಾರು ಒಂದೇ. ಭಾಷಣ, ಪ್ರಬಂಧ, ಭಾವಗೀತೆ, ಎಲ್ಲಕ್ಕೂ ಅದೇ ಮೂವರು ಹೋಗುತ್ತಾರೆ, ಬಹುಮಾನ ಬರಲಿ ಅಂತ. ಈ ಮೂರು ವರ್ಷದಿಂದ ನಾವು ಒಬ್ಬರಿಗೆ ಒಂದೇ ಸ್ಪರ್ಧೆ ಮಾಡಿದ್ದೇವೆ. ಬಹುಮಾನ ಕಮ್ಮಿಯಾಗಿದೆ, ಮುಚ್ಚಿಡುವುದೇನು.

ಸ್ಕೌಟ್ಸ್‌ನವರ ಒಂದು ಪದ್ಧತಿ ನನಗೆ ಬಹಳ ಇಷ್ಟ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ ಅಂತ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ರೀಫ್ ನಾಟ್ ಹಾಕು ಅಂದರೆ ಹಾಕಬೇಕು. ಹಗ್ಗ ಎಳೆದಾಗ ಗಂಟು ನಿಂತಿತೋ, ಜಾರಿತೋ. ಮೇಷ್ಟ್ರ ಮುಲಾಜು ಹಗ್ಗಕ್ಕಿಲ್ಲ. ನಮ್ಮ ಕೆಲಸದಲ್ಲೂ ಅಂಥದೊಂದು ಹಗ್ಗ ಸಿಕ್ಕರೆ ಸಾಕು ಅಂತ ಹುಡುಕುತ್ತಿರುತ್ತೇನೆ.

ಮಕ್ಕಳ ಗ್ರಾಮಸಭೆಯಲ್ಲಿ ನಮ್ಮವರು ಆ ಅಡುಗೆ ನೀರಿನ ವಿಷಯ ಎತ್ತಿದರು. ಎರಡು ಬೇಡಿಕೆ ಇಟ್ಟರು. ಒಂದು, ವಯಸ್ಸಾದವರ ಮನೆಗೆ ವಾರಕ್ಕೆ ಎರಡು ಸಲ ಪಂಚಾಯ್ತಿ ಆಟೋದಲ್ಲಿ ಕ್ಯಾನ್ ಕಳಿಸಬೇಕು. ಎರಡು, ಕಿಟ್ಟಿನ ದ್ರಾವಣ ಖಾಲಿಯಾದರೆ ಹೊಸದು ತರಿಸಿಕೊಡಬೇಕು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎರಡಕ್ಕೂ ಹೂಂ ಅಂದರು, ಬರೆದುಕೊಂಡರು. ಆಟೋ ಒಂದು ತಿಂಗಳು ಓಡಿತು, ಆಮೇಲೆ ನಿಂತಿತು. ಈಗ ನಮ್ಮ ಇಬ್ಬರು ಹುಡುಗರು ಶನಿವಾರ ಸೈಕಲ್ಲಿನಲ್ಲಿ ಮೂರು ಮನೆಗೆ ಕ್ಯಾನ್ ಹಾಕಿ ಬರುತ್ತಾರೆ. ಇದನ್ನು ಯಶಸ್ಸು ಅಂತ ಬರೆಯಲೋ, ಸೋಲು ಅಂತ ಬರೆಯಲೋ ಗೊತ್ತಾಗದೆ ವರದಿಯಲ್ಲಿ ಆದದ್ದನ್ನು ಆದ ಹಾಗೆ ಬರೆದಿದ್ದೇನೆ.

ದ್ರಾವಣ ಇನ್ನೂ ಬಂದಿಲ್ಲ, ಇರುವುದರ ತಾರೀಖು ಮುಗಿದಿದೆ. ಸೋಮವಾರ ಪಂಚಾಯ್ತಿಗೆ ಹೋಗಬೇಕು. ಒಂಬತ್ತನೇ ಕ್ಲಾಸಿನವರು ಪತ್ರ ತಯಾರು ಮಾಡಿ ನಿನ್ನೆ ತಂದು ತೋರಿಸಿದರು. "ದಯಮಾಡಿ ಒದಗಿಸಿಕೊಡಬೇಕಾಗಿ ಕೇಳಿಕೊಳ್ಳುತ್ತೇವೆ" ಅಂತ ಬರೆದು, ಅದನ್ನು ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ತಿದ್ದಿದ್ದರು: "ಗ್ರಾಮಸಭೆಯಲ್ಲಿ ನೀವು ಒಪ್ಪಿಕೊಂಡಿದ್ದೀರಿ. ಯಾವ ದಿನ ಕೊಡುತ್ತೀರಿ ಅಂತ ಕೇಳಲು ಬಂದಿದ್ದೇವೆ."