ಗ್ಲೋಬಿನ ಮೇಲೆ ಒಂದೂವರೆ ಗೇಣು

ಮಗಳು ಟಿಕೆಟ್ ಕಳಿಸಿದ ದಿನವೇ ಪಕ್ಕದ ಮನೆ ಮಾಸ್ತರು ಗ್ಲೋಬು ಹಿಡಿದು ಬಂದರು. ಜೀವಮಾನವೆಲ್ಲ ಭೂಗೋಳ ಕಲಿಸಿದವರು, ಸುಮ್ನೆ ಬಿಡ್ತಾರಾ? ಕಿಸೆಯಿಂದ ನೂಲು ತೆಗೆದು ಒಂದು ತುದಿ ಬೆಂಗಳೂರಿಗೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋಗೆ ಒತ್ತಿ ಹಿಡಿದು ಬಿಗಿಯಾಗಿ ಎಳೆದರು. ಅಮೆರಿಕ ಅಂದರೆ ಅರಬ್ಬಿ ಸಮುದ್ರ, ಯುರೋಪು ದಾಟಿ ಹೋಗೋದು ಅಂತ ನನ್ನ ಎಣಿಕೆ. ನೂಲು ಮಾತ್ರ ಚೀನಾ ದಾಟಿ, ಸೈಬೀರಿಯಾದ ನೆತ್ತಿ ಹತ್ತಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯಿತು.

"ಗ್ವಾಡಿ ಮ್ಯಾಲಿನ ನಕಾಶೆ ನಂಬಿ ದಾರಿ ಹೇಳಬಾರದ್ರೀ," ಅಂದರು.

ಅಳೆದರೆ ಒಂದೂವರೆ ಗೇಣು. ಲೆಕ್ಕಕ್ಕೆ ಸುಮಾರು 14,000 ಕಿಲೋಮೀಟರ್. ನಮ್ಮ ಹುಬ್ಬಳ್ಳಿಯಿಂದ ಬೆಂಗಳೂರು ಅದೇ ಗ್ಲೋಬಿನ ಮೇಲೆ ಕಿರುಬೆರಳ ಉಗುರಿನಷ್ಟು.

ಆ ಉಗುರಿನಷ್ಟು ದಾರಿಯೇ ನನ್ನನ್ನು ಸುಸ್ತು ಮಾಡಿದ್ದು. ರಾತ್ರಿ ಒಂಬತ್ತಕ್ಕೆ ಮನೆ ಬಿಟ್ಟೆ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಹೆಮ್ಮೆಯೇ, ಆದರೆ ಚಟ್ನಿಪುಡಿ, ಪೇಡೆ, ಖಡಕ್ ರೊಟ್ಟಿ ತುಂಬಿದ ಎರಡು ಚೀಲ ಹೊತ್ತಾಗ ಹೆಮ್ಮೆ ಬೇಗ ಇಳಿಯುತ್ತದೆ. ಬೆಳಿಗ್ಗೆ ಬೆಂಗಳೂರು. ಆಮೇಲೆ ಹೆಬ್ಬಾಳದ ಹತ್ತಿರ ಇಂಚಿಂಚಾಗಿ ಸರಿದು, ದೇವನಹಳ್ಳಿ ಮುಟ್ಟುವಾಗ ಒಂಬತ್ತೂವರೆ. ಹನ್ನೆರಡೂವರೆ ತಾಸು!

ವಿಮಾನ ಎರಡೂವರೆಗೆ ಎದ್ದಿತು. ಮುಂದಿನ ಪರದೆಯಲ್ಲಿ ಪುಟ್ಟ ವಿಮಾನದ ಚಿತ್ರ ಪೂರ್ವಕ್ಕೆ ಹೊರಟಿತ್ತು. ಮಾಸ್ತರ ನೂಲಿನ ಗುಂಟ ಹೋಗಲೇ ಇಲ್ಲ, ಪೆಸಿಫಿಕ್ ಕಡೆ ವಾಲಿತು. ದಾರಿ ಜಾಸ್ತಿ ಆದರೂ ಲಾಭ ಇದೆ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತದೆ, ಅದು ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ. ಆಷಾಢದಲ್ಲಿ ಗೋಕುಲ ರಸ್ತೆಯಲ್ಲಿ ಸೈಕಲ್ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರುವಾಗ ಅದೇ ಗಾಳಿ ಎದುರಾಗುತ್ತದೆ, ಅಲ್ವಾ? ಅದಕ್ಕೆ ಆಗ ಬೇರೆ ದಾರಿ. 2021ರ ಜನವರಿಯಲ್ಲಿ ಹೆಣ್ಣುಮಕ್ಕಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿತ್ತು.

ಊಟ, ನಿದ್ದೆ, ಮತ್ತೆ ಊಟ. ಪಕ್ಕದ ಹುಡುಗನಿಗೆ ಪೇಡೆ ಕೊಟ್ಟೆ. ಕಂದು ಬಣ್ಣ ನೋಡಿ ಚಾಕಲೇಟಾ ಅಂದ. ಧಾರವಾಡದ ಲೈನ್ ಬಜಾರಿನದು ಅಂದೆ. ಎರಡನೇದಕ್ಕೆ ತಾನೇ ಕೈ ಚಾಚಿದ.

ಹದಿನಾರು ತಾಸು ಕೂತು ಇಳಿದರೆ ಅಲ್ಲಿ ಸಂಜೆ ಆರು. ದಿನ ಮಾತ್ರ ಅದೇ, ಶುಕ್ರವಾರ. ಗಡಿಯಾರದ ಪ್ರಕಾರ ನನ್ನ ಪ್ರಯಾಣ ಬರೀ ಮೂರೂವರೆ ತಾಸು. ನಡುವೆ ಪೆಸಿಫಿಕ್‌ನಲ್ಲಿ ದಿನರೇಖೆ ದಾಟಿದ್ದೆವು, ಪೂರ್ವಕ್ಕೆ ಹೋಗುವಾಗ ಅದನ್ನು ದಾಟಿದರೆ ತಾರೀಖು ಒಂದು ದಿನ ಹಿಂದೆ ಸರಿಯುತ್ತದೆ. ಆದರೆ ಮೊಣಕಾಲು ಗಡಿಯಾರ ನೋಡುವುದಿಲ್ಲ.

ಹೊರಗೆ ಬಂದವನೇ ಮಾಸ್ತರಿಗೆ ಫೋನ್ ಮಾಡಿದೆ. ಅವರಿಗೆ ಬೆಳಗಿನ ಚಹಾದ ಹೊತ್ತು.

"ಇಲ್ಲಿ ಶನಿವಾರ ಆತ್ರೀ. ಹಣಮಪ್ಪನ ಗುಡಿಗೆ ಹೊಂಟೇನಿ," ಅಂದರು. "ನೂಲಿನ ಗುಂಟನ ಹೋದ್ರ್ಯೋ ಇಲ್ಲೋ, ಮೊದಲ ಅದನ್ನ ಹೇಳ್ರಿ."