ಎಡಗಡೆಯ ಕಟಕ್: ಹೊಸ ಸೈಕಲ್ಲಿನ ಮೊದಲ 600 ಕಿಲೋಮೀಟರ್

0 ಕಿ.ಮೀ.

ಸೈಕಲ್ ಡಬ್ಬದಲ್ಲಿ ಬಂತು. ಮುಂಚಕ್ರ, ಹ್ಯಾಂಡಲ್, ಸೀಟು, ಪೆಡಲ್ ಇಷ್ಟನ್ನು ನಾನೇ ಹಾಕಿಕೊಳ್ಳಬೇಕು. ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿಯುವ ತೋಳು, ಎರಡನ್ನೂ ಕಂಪನಿಯವರು ಮೊದಲೇ ಕೂರಿಸಿದ್ದರು. ಅದು ಅವರ ಕೆಲಸ ಅಂದುಕೊಂಡು ಮುಟ್ಟಲಿಲ್ಲ. ಎಡವಿದ್ದು ಅಲ್ಲೇ.

ಪೆಡಲ್‌ಗೆ ಮಾತ್ರ ಅರ್ಧ ಗಂಟೆ ಕೊಟ್ಟೆ. ಆಕ್ಸಲ್ ತುದಿಯಲ್ಲಿ ಆರ್, ಎಲ್ ಎಂದು ಕೊರೆದಿರುತ್ತದೆ. ಎಲ್ ಅಂದರೆ ಎಡ, ಮರೆಯುವ ಮಾತೇ ಇಲ್ಲ. ಬಲದ್ದು ಮಾಮೂಲಿ ಥ್ರೆಡ್, ಎಡದ್ದು ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿ. ಎರಡೂ 9/16 ಇಂಚು, ಇಂಚಿಗೆ 20 ಸುತ್ತು. ಕ್ರ್ಯಾಂಕ್ ಅಲ್ಯೂಮಿನಿಯಂ, ಪೆಡಲ್ ಆಕ್ಸಲ್ ಉಕ್ಕು. ಅಡ್ಡಾದಿಡ್ಡಿ ಹೋದರೆ ಸೋಲುವುದು ಅಲ್ಯೂಮಿನಿಯಂ. ಅದಕ್ಕೇ ಮೊದಲ ಮೂರ್ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಬೇಕು. ಬೆರಳಿಗೆ ಬಗ್ಗದಿದ್ದರೆ ಬಿಚ್ಚಿ ಮತ್ತೆ ಹಿಡಿಯಬೇಕು, ಸ್ಪ್ಯಾನರ್ ಹುಡುಕಬಾರದು.

ಥ್ರೆಡ್‌ಗೆ ಗ್ರೀಸ್ ಬೇಕೇ ಬೇಕು. ಎಣ್ಣೆ ಸಾಲದು. ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ಮಳೆನೀರು ಸೇರಿದರೆ ಒಳಗೇ ತುಕ್ಕು ಹಿಡಿದು ಎರಡೂ ಕಚ್ಚಿಕೊಳ್ಳುತ್ತವೆ. ಆಮೇಲೆ ಬಿಚ್ಚಲು ಪೈಲ್ವಾನ್ ಬೇಕು.

ಯಾವ ಕಡೆ ತಿರುಗಿಸಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡ ಗುರುತು ಇಷ್ಟೇ. ಸ್ಪ್ಯಾನರಿನ ಹಿಡಿ ಮೇಲಕ್ಕಿರಲಿ. ಮುಂಚಕ್ರದ ಕಡೆ ತಳ್ಳಿದರೆ ಬಿಗಿ, ಹಿಂಚಕ್ರದ ಕಡೆ ಎಳೆದರೆ ಸಡಿಲ. ಎರಡೂ ಪೆಡಲ್‌ಗೆ ಇದೇ. ಒಳಗಡೆಯಿಂದ ಅಲೆನ್ ಕೀ ಹಾಕಿದರೂ ಇದೇ.

38 ಕಿ.ಮೀ.

ತುರಹಳ್ಳಿ ಕಾಡಿನವರೆಗೆ ಎರಡು ಸಲ ಹೋಗಿಬಂದೆ. ಸೈಕಲ್ ಬೆಣ್ಣೆ. ಎರಡು ಪೆಡಲ್‌ಗೂ ಮತ್ತೊಮ್ಮೆ 15 ಎಂಎಂ ಸ್ಪ್ಯಾನರ್ ಹಾಕಿ ನೋಡಿದೆ. ಕದಲಲಿಲ್ಲ.

ಈ ನಡುವೆ ಉಲ್ಟಾ ಥ್ರೆಡ್ ತಲೆ ತಿನ್ನತೊಡಗಿತ್ತು. ಪೆಡಲ್ ಬೇರಿಂಗ್ ಗಟ್ಟಿಯಾದರೆ ಅದು ಆಕ್ಸಲ್ ಅನ್ನು ಬಿಗಿಯ ಕಡೆಗೇ ತಿರುಗಿಸಲಿ ಎಂದು ಹೀಗೆ ಮಾಡಿದ್ದಾರೆ ಅಂತ ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಸೈಕಲ್ ಪಕ್ಕ ಕೂತು ಕೈಯಲ್ಲಿ ತಿರುಗಿಸಿ ನೋಡಿದರೆ ಲೆಕ್ಕ ಉಲ್ಟಾ! ಬಲಗಡೆಯಿಂದ ನೋಡಿ. ಕ್ರ್ಯಾಂಕ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಪೆಡಲ್ ಮಾತ್ರ ನಮ್ಮ ಪಾದದ ಕೆಳಗೆ ಮಟ್ಟವಾಗಿಯೇ ಇರುತ್ತದೆ. ಅಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಪೆಡಲ್ ಹಿಮ್ಮುಖ ತಿರುಗುತ್ತಿದೆ. ಬೇರಿಂಗ್ ಎಳೆದರೆ ಥ್ರೆಡ್ ಬಿಚ್ಚಿಕೊಳ್ಳಬೇಕು, ಬಿಗಿಯಾಗುವುದಲ್ಲ.

ಹಾಗಾದರೆ ಬಿಗಿ ಮಾಡುವುದು ಯಾರು? ಅಜ್ಜಿಯ ಮನೆಯ ಒರಳಿನ ಕಲ್ಲು ನೆನಪಾಯಿತು. ಗುಂಡನ್ನು ಒಳಗೋಡೆಗೆ ಒತ್ತಿ ಬಲಕ್ಕೆ ಸುತ್ತಿಸುತ್ತಾ ಕೈ ಸ್ವಲ್ಪ ಸಡಿಲ ಬಿಟ್ಟರೆ ಗುಂಡು ತಾನೇ ಎಡಕ್ಕೆ ಉರುಳುತ್ತದೆ ಅಲ್ವಾ? ಪೆಡಲ್ ಆಕ್ಸಲ್ ಕೂಡ ಅದೇ ಗುಂಡು, ಕ್ರ್ಯಾಂಕಿನ ತೂತು ಒರಳು. ಎಷ್ಟೇ ಬಿಗಿಯಿದ್ದರೂ ಅಲ್ಲಿ ಕೂದಲೆಳೆಯಷ್ಟು ಜಾಗ ಇದ್ದೇ ಇರುತ್ತದೆ. ನಮ್ಮ ತೂಕ ಯಾವಾಗಲೂ ಕೆಳಕ್ಕೆ, ತೂತು ಮಾತ್ರ ಸುತ್ತುತ್ತಾ ಇರುತ್ತದೆ. ಹಾಗಾಗಿ ಒತ್ತಡ ತೂತಿನ ಗೋಡೆಯನ್ನು ಎಡಕ್ಕೆ ಸುತ್ತುತ್ತದೆ, ಆಕ್ಸಲ್ ಬಲಕ್ಕೆ ಉರುಳುತ್ತದೆ. ಬಲ ಪೆಡಲ್ ಬಿಗಿ! ಎಡಗಡೆ ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ, ಅದಕ್ಕೇ ಉಲ್ಟಾ ಥ್ರೆಡ್. ಈ ಉರುಳುವಿಕೆಯ ಬಲ ಬೇರಿಂಗಿನ ಎಳೆತಕ್ಕಿಂತ ಬಹಳ ಜಾಸ್ತಿ. ಅಂದು ರಾತ್ರಿ ಅಡುಗೆಮನೆಯ ಲೋಟ, ಸೌಟು ಹಿಡಿದು ಇದನ್ನೇ ಪರೀಕ್ಷೆ ಮಾಡಿದೆ. ಮನೆಯವರ ಮುಖ ವರ್ಣಿಸುವುದಿಲ್ಲ.

112 ಕಿ.ಮೀ.

ಕನಕಪುರ ರಸ್ತೆ. ಒಂದು ಹಂಪ್ ದಾಟಿದ ಮೇಲೆ ಎಡಗಾಲು ಒತ್ತಿದಾಗಲೆಲ್ಲ "ಕಟಕ್". ಒಂದು ಸುತ್ತಿಗೆ ಒಂದು ಕಟಕ್, ಸರಿಯಾಗಿ ತಾಳ ಹಾಕಿದಂತೆ.

ಪೆಡಲ್ಲೇ ಇರಬೇಕು ಅಂದುಕೊಂಡೆ. ಮನೆಗೆ ಬಂದು ಬಿಚ್ಚಿದೆ, ಒರೆಸಿದೆ, ಗ್ರೀಸ್ ಹಾಕಿದೆ, ಮತ್ತೆ ಕೂರಿಸಿದೆ. ಮಾರನೇ ದಿನ ಕಟಕ್. ಪೆಡಲ್ ಬದಲಿಸಿದೆ. ಕಟಕ್. ಸೀಟಿನ ಬೋಲ್ಟನ್ನೂ ಬಿಗಿ ಮಾಡಿದೆ, ಸುಮ್ನೆ. ಹೀಗೇ 40 ಕಿ.ಮೀ. ಓಡಿಸಿಬಿಟ್ಟೆ. ಈಗ ಬೈದುಕೊಳ್ಳುವುದು ಆ 40 ಕಿಲೋಮೀಟರಿಗೇ.

152 ಕಿ.ಮೀ.

ಕೊನೆಗೆ ಮಾಡಬೇಕಾದ್ದನ್ನು ಮಾಡಿದೆ. ಎಡ ಕ್ರ್ಯಾಂಕ್ ಹಿಡಿದು ಫ್ರೇಮಿನ ಕಡೆಗೆ, ಹೊರಗೆ ಅಲ್ಲಾಡಿಸಿದೆ. ಅಲ್ಲಾಡಿತು. ಬಲದ್ದನ್ನು ಹಿಡಿದೆ, ಅಲ್ಲಾಡಲಿಲ್ಲ. ಎರಡೂ ಒಟ್ಟಿಗೆ ಅಲ್ಲಾಡಿದ್ದರೆ ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕ್‌ಗಳ ನಡುವಿನ ಆಕ್ಸಲ್ ಕೂರುವ ಜಾಗದ ಬೇರಿಂಗ್ ಅನ್ನಬಹುದಿತ್ತು. ಒಂದೇ ಅಲ್ಲಾಡಿದರೆ ಆ ಕ್ರ್ಯಾಂಕೇ ಸಡಿಲ. ಎರಡು ನಿಮಿಷದ ಕೆಲಸ.

ನನ್ನ ಸೈಕಲ್ಲಿನಲ್ಲಿ ಕ್ರ್ಯಾಂಕ್ ಕೂರುವುದು ಚೌಕ ಆಕ್ಸಲ್ ಮೇಲೆ, ಅಂದರೆ ಸ್ಕ್ವೇರ್ ಟೇಪರ್. ತುದಿಗೆ ಹೋದಂತೆ ಕಿರಿದಾಗುವ ಚೌಕ. ಬೋಲ್ಟ್ ಬಿಗಿ ಮಾಡಿದಷ್ಟೂ ಕ್ರ್ಯಾಂಕ್ ಬೆಣೆಯ ಹಾಗೆ ಮೇಲೇರಿ ಕೂರುತ್ತದೆ. ಪ್ಲಾಸ್ಟಿಕ್ ಮುಚ್ಚಳ ತೆಗೆದು 8 ಎಂಎಂ ಅಲೆನ್ ಕೀ ಹಾಕಿದೆ. ಮುಕ್ಕಾಲು ಸುತ್ತು ಬಂತು! ಹೊಸ ಸೈಕಲ್, ಮುಕ್ಕಾಲು ಸುತ್ತು ಸಡಿಲ. ಪೆಡಲ್‌ಗೆ ಅರ್ಧ ಗಂಟೆ ಕೊಟ್ಟವನು ಇದಕ್ಕೆ ಅರ್ಧ ನಿಮಿಷ ಕೊಟ್ಟಿರಲಿಲ್ಲ.

ಅಪ್ಪನ ಹಳೇ ಸೈಕಲ್ಲಿನಲ್ಲಿ ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿದಿಡಲು ಕಾಟರ್ ಪಿನ್ ಎಂಬ ಬೆಣೆ ಇತ್ತು. ಅದು ಸಡಿಲವಾದರೆ ಅಪ್ಪ ಕ್ರ್ಯಾಂಕಿನ ಕೆಳಗೆ ಮರದ ತುಂಡು ಒರಗಿಸಿ ಸುತ್ತಿಗೆಯಲ್ಲಿ ಎರಡು ಏಟು ಹಾಕಿ ನಟ್ ಬಿಗಿ ಮಾಡುತ್ತಿದ್ದರು. ಪಿನ್ ಸವೆದರೆ ಹೊಸ ಪಿನ್, ಕ್ರ್ಯಾಂಕ್ ಹಾಗೇ ಇರುತ್ತಿತ್ತು. ಇಲ್ಲಿ ಸವೆಯುವುದು ಕ್ರ್ಯಾಂಕೇ.

190 ಕಿ.ಮೀ.

ಎಸ್‌ಪಿ ರೋಡಿಗೆ ಹೋಗಿ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್ ತಂದೆ. ಚೌಕಾಸಿ ಮಾಡಿದೆ, ಗೆದ್ದವರು ಅಂಗಡಿಯವರು. ಪೆಡಲ್‌ಗೆ ಸುಮಾರು 35 ನ್ಯೂಟನ್ ಮೀಟರ್, ಕ್ರ್ಯಾಂಕ್ ಬೋಲ್ಟಿಗೆ 40ರ ಆಸುಪಾಸು. ನನ್ನ ಕೈ ಪೆಡಲ್‌ಗೆ ಅದಕ್ಕಿಂತ ಜಾಸ್ತಿಯನ್ನೇ ಹಾಕಿತ್ತು ಎಂದು ಗೊತ್ತಾಯಿತು.

ಆದರೆ ಕಟಕ್ ವಾಪಸ್ ಬಂತು. ಬೋಲ್ಟ್ ಮತ್ತೆ ಕಾಲು ಸುತ್ತು ಬಂತು. ಬಡಾವಣೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಕ್ರ್ಯಾಂಕ್ ಬಿಚ್ಚಿಸಿ ತೂತಿಗೆ ಟಾರ್ಚ್ ಬಿಟ್ಟರು. "ಚೌಕ ಎಲ್ಲಿದೆ ಇಲ್ಲಿ, ಹಲಸಿನ ಬೀಜದ ಥರ ಆಗಿದೆ" ಅಂದರು. ಸಡಿಲ ಕ್ರ್ಯಾಂಕ್ ಓಡಿಸಿದ್ದಕ್ಕೆ ಮೂಲೆಗಳೆಲ್ಲ ದುಂಡಗಾಗಿದ್ದವು. ಒಮ್ಮೆ ಹೀಗಾದರೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಬಿಗಿ ಮಾಡುತ್ತಲೇ ಹೋದರೆ ಕ್ರ್ಯಾಂಕ್ ಇನ್ನೂ ಒಳಕ್ಕೆ ಹೋಗುತ್ತದೆ, ಕೊನೆಗೆ ಸೀಳಬಹುದು.

231 ಕಿ.ಮೀ.

ಹೊಸ ಎಡ ಕ್ರ್ಯಾಂಕ್ ಬಂತು. ಬಲದ್ದರ ಹಿಂಬದಿಯಲ್ಲಿ 170 ಎಂದು ಅಚ್ಚಾಗಿತ್ತು, ಇದೂ 170 ಎಂಎಂ. ಉದ್ದ ಬೇರೆಯಾದರೆ ಒಂದು ಕಾಲು ದೊಡ್ಡ ವೃತ್ತ, ಇನ್ನೊಂದು ಸಣ್ಣ ವೃತ್ತ.

ಕ್ರ್ಯಾಂಕನ್ನು ಆಕ್ಸಲ್‌ನಿಂದ ಎಳೆದು ತೆಗೆಯುವ ಪುಲ್ಲರ್ ಬಗ್ಗೆ ಒಂದು ಮಾತು. ಬೋಲ್ಟ್ ಪೂರ್ತಿ ತೆಗೆಯಿರಿ, ವಾಷರ್ ಇದ್ದರೆ ಅದನ್ನೂ. ಆಮೇಲೆ ಪುಲ್ಲರಿನ ದೊಡ್ಡ ಥ್ರೆಡ್ ಅನ್ನು ಕ್ರ್ಯಾಂಕಿನೊಳಕ್ಕೆ ಕೊನೇತನಕ ಕೂರಿಸಿ. ಎರಡೇ ಸುತ್ತು ಹಾಕಿ ಎಳೆದರೆ ಆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಕೈಗೆ ಬರುತ್ತದೆ. ಮೆಕ್ಯಾನಿಕ್ ಹತ್ತಿರ ಅಂಥ ಕ್ರ್ಯಾಂಕ್‌ಗಳ ಒಂದು ಬಕೆಟ್ಟೇ ಇತ್ತು.

ಚೌಕಕ್ಕೆ ಗ್ರೀಸ್ ಹಾಕಬೇಕೋ ಬೇಡವೋ ಎಂಬ ಜಗಳ ಹಳೆಯದು. ನಾನು ಚೌಕವನ್ನು ಒರೆಸಿ ಒಣಗಿಸಿ ಕೂರಿಸಿದೆ, ಗ್ರೀಸ್ ಬೋಲ್ಟಿನ ಥ್ರೆಡ್‌ಗೆ ಮಾತ್ರ. ಆಮೇಲೆ ಬೋಲ್ಟ್ ತಲೆಯಿಂದ ಕ್ರ್ಯಾಂಕಿಗೆ ಮನೆಯಲ್ಲಿದ್ದ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದೆ. ಬೋಲ್ಟ್ ಕದಲಿದರೆ ಗೆರೆ ಮುರಿಯುತ್ತದೆ.

290 ಕಿ.ಮೀ.

ಆಯುಧಪೂಜೆ. ಟಾರ್ಕ್ ರೆಂಚಿಗೂ ಕುಂಕುಮ. ಮುಚ್ಚಳ ತೆಗೆದು ನೋಡಿದೆ, ಗೆರೆ ನೇರ.

612 ಕಿ.ಮೀ.

ಈ ನಡುವೆ ನಂದಿ ಬೆಟ್ಟ ಒಂದು ಸಲ ಹತ್ತಿದೆ. ಕಟಕ್ ಇಲ್ಲ. ಗೆರೆ ಈಗಲೂ ನೇರ. ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ತೊಳೆಯುವ ಹುಡುಗ ಪ್ರೀತಿಯಿಂದ ಪ್ರೆಶರ್ ಪಂಪ್ ಹಿಡಿದು ಸೈಕಲ್ಲನ್ನೂ ತೊಳೆದಿದ್ದಾನೆ. ಬಲ ಪೆಡಲ್ ಕಿವಿಯ ಹತ್ತಿರ ಹಿಡಿದು ತಿರುಗಿಸಿದರೆ ಮರಳು ಅರೆದ ಸದ್ದು. ಭಾನುವಾರ ಬಿಚ್ಚಬೇಕು. ಬೇರಿಂಗಿನ ಗುಂಡುಗಳು ಉರುಳಿ ಹೋಗದಂತೆ ಹಳೇ ಊಟದ ತಟ್ಟೆ ಒಂದನ್ನು ತೆಗೆದಿಟ್ಟಿದ್ದೇನೆ.